ಅಕ್ಕನ ರೈಲು, ತಮ್ಮನ ಮ್ಯಾಕ್

ಮುದ್ರಣಾಲಯದಲ್ಲಿ ಪುಸ್ತಕದ ಪುಟ ಜೋಡಿಸುವ ಅವರಿಗೆ ಪುಟದ ಮೇಷ್ಟ್ರು ಎಂದೇ ಹೆಸರು. ಇಪ್ಪತ್ತು ವರ್ಷದಿಂದ ಮ್ಯಾಕ್ ಬಿಟ್ಟು ಬೇರೆ ಕಂಪ್ಯೂಟರ್ ಮುಟ್ಟಿದವರಲ್ಲ. ವಿಂಡೋಸ್ ಎಂದರೆ ಮೂಗು ಮುರಿಯುವರು. ತಾವು ಹಿಡಿದ ಮೊಲಕ್ಕೆ ಮೂರೇ ಕಾಲು. ಆ ಮೊಲಕ್ಕೆ ನಾಲ್ಕನೆಯ ಕಾಲು ಮೂಡಿದ್ದು, ಮೊಣಕಾಲು ಮುರಿದುಕೊಂಡ ಅಕ್ಕ ಎರಡು ತಿಂಗಳ ಮಟ್ಟಿಗೆ ಅವರ ಮನೆಗೆ ಬಂದಾಗ.

ಅಕ್ಕ ರೈಲು ನಿಲ್ದಾಣದ ಮೈಕಿನ ಮುಂದೆ ಮೂವತ್ನಾಲ್ಕು ವರ್ಷ ಕೂತು ಗಾಡಿಗಳ ಹೊತ್ತು ಹೇಳಿದವರು. ನಿವೃತ್ತಿಯಾದ ಮೇಲೂ ಯಾವ ಗಾಡಿ ಎಷ್ಟು ಗಂಟೆಗೆ, ಎಷ್ಟನೇ ಪ್ಲಾಟ್‌ಫಾರಂಗೆ ಎಂಬುದೆಲ್ಲ ಅವರ ನಾಲಿಗೆಯ ತುದಿಯಲ್ಲೇ ಇತ್ತು. ಅದೇ ಅವರ ಆಸ್ತಿ. ಈಗ ಹಳಿ ಹಾಕಿ ರೈಲು ಓಡಿಸುವ ಆಟವೊಂದರ ಹುಚ್ಚು ಹಿಡಿದಿತ್ತು. ಆ ಆಟವೋ ವಿಂಡೋಸ್ ಇದ್ದರೆ ಮಾತ್ರ ನಡೆಯುವಂಥದ್ದು.

"ಇಷ್ಟು ಜಂಬದ ಪೆಟ್ಟಿಗೇಲಿ ಒಂದು ರೈಲು ಓಡಲ್ವೇನೋ?" ಎಂದರು ಅಕ್ಕ.

ಮೇಷ್ಟ್ರ ಮಾನದ ಪ್ರಶ್ನೆ. ಮ್ಯಾಕಿನೊಳಗೆ ಇನ್ನೊಂದು ಕಂಪ್ಯೂಟರ್ ಇರುವಂತೆ ನಟಿಸುವ ತಂತ್ರಾಂಶ ಹಾಕಿ, ಅದರೊಳಗೆ ವಿಂಡೋಸನ್ನೂ ಅಕ್ಕನ ಆಟವನ್ನೂ ಕೂರಿಸಿದರು. ಶುದ್ಧ ಮನೆಯೊಳಗೆ ಬಾಡಿಗೆದಾರನನ್ನು ಇಟ್ಟುಕೊಂಡಷ್ಟು ಕಸಿವಿಸಿ. ಪುಟದ ಮೂಲಪ್ರತಿಯನ್ನು ಯಾರೂ ಕೆಡಿಸದಂತೆ ಬೀಗ ಹಾಕಿಡುವುದು ಅವರ ಕಸುಬಿನ ಚಾಳಿ. ಹುಟ್ಟುಗುಣ ಸುಟ್ಟರೂ ಹೋಗದು. ಇಲ್ಲೂ ಒಂದು ಗುಂಡಿ ಒತ್ತಿದರು: ವಿಂಡೋಸ್ ಮುಚ್ಚಿದೊಡನೆ ಅದರಲ್ಲಿ ನಡೆದದ್ದೆಲ್ಲ ಅಳಿಸಿ, ಮೊದಲ ದಿನದಂತೆ ಆಗಬೇಕು. ಆಟವನ್ನೂ ಜನ ನಾಳೆಗೆ ಉಳಿಸಿಕೊಳ್ಳುತ್ತಾರೆ ಎಂಬುದು ಆ ಮಹಾನುಭಾವರಿಗೆ ಹೊಳೆಯಲೇ ಇಲ್ಲ.

ಎರಡು ದಿನ ಅಕ್ಕ ಹಳಿ ಹಾಕಿದರು, ಸೇತುವೆ ಕಟ್ಟಿದರು. ಮೂರನೆಯ ದಿನದಿಂದ ಮಾತು ಕಡಿಮೆಯಾಯಿತು.

"ನಿನ್ನೆ ನಾನು ಸೇತುವೆ ಕಟ್ಟಿದ್ನೇನೋ?" ಊಟಕ್ಕೆ ಕೂತಾಗ ಕೇಳಿದರು.

"ನಂಗೇನು ಗೊತ್ತಕ್ಕ, ಕೆಲಸಕ್ಕೆ ಹೋಗಿದ್ದೆ."

ಐದನೆಯ ದಿನ ಮ್ಯಾಕಿನ ಪಕ್ಕ ಒಂದು ಚೀಟಿ ಬಿದ್ದಿತ್ತು. ಅಕ್ಕನ ಹೆಸರು, ಕೆಳಗೆ 'ಮರೆವಿನ ಡಾಕ್ಟರು, ಗುರುವಾರ ಹತ್ತು ಗಂಟೆ'. ಒಳಕೋಣೆಯಿಂದ ಅಕ್ಕ ಹಳೆಯ ಗಾಡಿಗಳ ಹೊತ್ತನ್ನು ಮೆಲ್ಲಗೆ ಒಪ್ಪಿಸಿಕೊಳ್ಳುವುದು ಕೇಳುತ್ತಿತ್ತು. ಮೇಷ್ಟ್ರು ಆಟ ತೆರೆದು ನೋಡಿದರು. ಬರೀ ಹುಲ್ಲು, ಒಂದು ಹಳಿಯೂ ಇಲ್ಲ. ತಾವೇ ಒತ್ತಿದ ಗುಂಡಿ ಆಗ ನೆನಪಾಯಿತು.

ಸದ್ದಿಲ್ಲದೆ ಆ ಗುಂಡಿಯನ್ನು ಮತ್ತೆ ಒತ್ತಿ, ಅಳಿಸುವುದನ್ನು ನಿಲ್ಲಿಸಿಬಿಟ್ಟರೆ ಯಾರಿಗೂ ತಿಳಿಯುವುದಿಲ್ಲ. ನಿಲ್ಲಿಸಿದರು ಕೂಡ. ಆದರೆ ಒಳಗಿನ ಆ ದನಿ ಏಳು ನಲವತ್ತರ ಗಾಡಿಯಲ್ಲಿ ತಡವರಿಸಿ, ಮತ್ತೆ ಮೊದಲಿನಿಂದ ಶುರುಮಾಡಿತು. ಅವರಿಗೆ ತಡೆಯಲಾಗಲಿಲ್ಲ.

"ಅಕ್ಕ, ಮರೆವು ನಿಂಗಲ್ಲ. ದಿನಾ ನಿನ್ನ ಹಳಿ ಕಿತ್ತಿದ್ದು ನಾನು," ಎಂದು ಬಾಗಿಲಲ್ಲೇ ನಿಂತು ಎಲ್ಲ ಹೇಳಿದರು.

ಅಕ್ಕ ಅಂಗೈಯಲ್ಲಿ ಕಣ್ಣೊರೆಸಿಕೊಂಡರು. "ನಾನು ಮುಗಿದೇ ಹೋದೆ ಅಂದ್ಕೊಂಡಿದ್ನಲ್ಲೋ, ಪಾಪಿ!"

ಮೇಷ್ಟ್ರು ಚೀಟಿ ಹರಿಯಲು ಹೋದರು.

"ಹರೀಬೇಡ. ಎತ್ತಿಗೆ ಜ್ವರ ಬಂದ್ರೆ ಎಮ್ಮೆಗ್ಯಾಕೆ ಬರೆ? ನನ್ನ ಹೆಸರು ಹೊಡೆದು ನಿನ್ನ ಹೆಸರು ಬರಿ," ಎಂದರು ಅಕ್ಕ. ಮೈಕಿನ ಮುಂದಿನ ಆ ಹಳೆಯ ದನಿ ಮರಳಿತ್ತು. "ಗುರುವಾರ, ಹತ್ತು ಗಂಟೆ. ನಾನೇ ನೆನಪು ಮಾಡ್ತೀನಿ."