ಮೈಕಿನಲ್ಲಿ ಮಾಯಪ್ಪನ ಹೆಸರು

ಕೂಡಿದ ದೈವಕ್ಕೆ, ನೆರೆದ ಜನಕ್ಕೆಲ್ಲ ಶರಣು, ಕೇಳಿರಿ! ಇಂದು ಸೋನ್ಯಾಳದ ಕುಸ್ತಿಯಲ್ಲಿ ನಮ್ಮ ಹೆಸರಾಂತ ಬಾಳೂ ಪೈಲ್ವಾನನಿಗೆ ಎದುರಾಳಿ ಬರಲೇ ಇಲ್ಲ. ಗರಡಿಯ ಗುರು ವಸ್ತಾದರು ಕುರಿಗಾರ ಮಾಯಪ್ಪನನ್ನೇ ಕಣಕ್ಕಿಳಿಸಿದರು. ತಾಲೀಮಿನಲ್ಲಿ ದಿನವೂ ಬಾಳೂನ ಕೈಯಲ್ಲಿ ಬೀಳುವುದೇ ಇವನ ಕೆಲಸ.

"ಏ ಮಾಯ್ಯಾ, ಇವತ್ತೂ ಮಣ್ಣ ತಿನ್ನಾಕ ಬಂದ್ಯೇನೋ?" ಎಂದು ಬಾಳೂ ನಕ್ಕ.

ಮಾಯಪ್ಪ, ಊರ ನಾಟಕಗಳಲ್ಲಿ ಪಾತ್ರ ಮಾಡುವ, ಇಂದು ಕುಸ್ತಿಯ ಮೈಕು ಹಿಡಿದಿದ್ದ ನನ್ನ ಬಳಿ ಬಂದ. "ಕಾಕಾ, ಒಮ್ಮಿಯರ ನನ್ನ ಹೆಸರ ಕರೀರಿ."

"ಗೆದ್ದ ಬಾರೋ, ಬಾಜೂ ಊರ ಸೊರಡಿಗೆ ಕೇಳೂವಂಗ ಕರೀತೀನಿ!" ಎಂದೆ.

ಬಾಳೂ ತನ್ನ ಪ್ರಸಿದ್ಧ ಪಟ್ಟು ಹಾಕಲು ಬಾಗಿದ್ದೇ ತಡ, ಮಾಯಪ್ಪ ಉಣ್ಣೆ ಕತ್ತರಿಸಲು ಟಗರನ್ನು ಹೊರಳಿಸುವಂತೆ ಕಾಲು ಸೆಳೆದು ಅವನನ್ನು ಅಂಗಾತ ಕೆಡವಿದ. ಜನ ಎದ್ದು ಕುಣಿಯಿತು. "ಮಾಯಪ್ಪ ಪೈಲ್ವಾನ್!" ನನ್ನ ನಾಟಕದ ಗಂಟಲು ಹರಿದೇಹೋಯಿತು.

ನಾಳೆ ಬೆಳಿಗ್ಗೆ ಅವನ ಕುರಿಹಟ್ಟಿಗೆ ಹೋಗಿ ಮತ್ತೊಮ್ಮೆ ಕೂಗುತ್ತೇನೆ. ಅವನಿಗೆ ಆ ಪಟ್ಟು ಕಲಿಸಿದ ಟಗರುಗಳೂ ಕೇಳಬೇಕಲ್ಲ!