ನೆಟ್ಟಗಾದ ಬೆರಳು

ಹಾಕಿ ಆಡುವವನ ಮೈ ನೋಡಿದರೆ ಸಾಕು, ಅವನು ಮೈದಾನದಲ್ಲಿ ಯಾವ ಜಾಗದಲ್ಲಿ ನಿಲ್ಲುತ್ತಾನೆಂದು ನಾನು ಹೇಳಿಬಿಡುತ್ತಿದ್ದೆ. ಆಗ ನನಗೆ ಹತ್ತೊಂಬತ್ತು ವರ್ಷ. ಒಂದು ಪಂದ್ಯವನ್ನೂ ಕಣ್ಣಾರೆ ಕಂಡವಳಲ್ಲ. ಇದನ್ನು ಜಂಬವೆಂದು ಯಾರಾದರೂ ಅಂದುಕೊಂಡರೆ ಅಂದುಕೊಳ್ಳಲಿ. ಜಂಬಪಡುವಂಥದ್ದೇ ಆಗಿತ್ತು.

ನಮ್ಮ ಮನೆ ಸುಂಕದಕಟ್ಟೆಯಲ್ಲಿ, ಮಾಗಡಿ ರಸ್ತೆಗೆ ಮುಖ ಮಾಡಿಕೊಂಡಿತ್ತು. ಅಪ್ಪನದು ಬೇಸಾಯ, ಅದರ ಜೊತೆಗೆ ತಾತನ ಕಾಲದಿಂದ ಬಂದ ಮೂಳೆ ಕಟ್ಟುವ ಕೆಲಸ. ಬೆಳಗಾದರೆ ಜಗಲಿಯ ಮೇಲೆ ಹುಣಸೆಮರದಿಂದ ಬಿದ್ದವರು, ಗಾಡಿಯಿಂದ ಉರುಳಿದವರು, ಎತ್ತು ಹಾಯ್ದವರು ಸಾಲಾಗಿ ಕೂತಿರುತ್ತಿದ್ದರು. ಸೊಪ್ಪು ಅರೆಯುವುದು, ಹಳೆಯ ಸೀರೆ ಹರಿದು ಪಟ್ಟಿ ಮಾಡುವುದು, ಮೊಟ್ಟೆಯ ಬಿಳಿಯಲ್ಲಿ ಉದ್ದಿನ ಹಿಟ್ಟು ಕಲಸುವುದು ಅವ್ವನ ಮತ್ತು ನನ್ನ ಪಾಲು. ಮೂಳೆ ಕೂರಿಸಿ, ಬಿದಿರ ದಬ್ಬೆಯಿಟ್ಟು ಕಟ್ಟುವುದು ಅಪ್ಪ ಮಾತ್ರ. ಹೆಣ್ಣುಮಕ್ಕಳು ಕಟ್ಟುವ ಪದ್ಧತಿ ನಮ್ಮ ಮನೆತನದಲ್ಲಿ ಇರಲಿಲ್ಲ. ಯಾಕೆ ಇಲ್ಲ ಎಂದು ಕೇಳುವ ಪದ್ಧತಿಯೂ ಇರಲಿಲ್ಲ.

ಹಾಕಿಯವರು ನಮ್ಮ ಜಗಲಿಗೆ ಬರತೊಡಗಿದ್ದು ರಾಜಾಜಿನಗರದಲ್ಲಿ ಇನ್ನೂ ನಿವೇಶನದ ಕಲ್ಲುಗಳನ್ನು ನೆಡುತ್ತಿದ್ದ ಕಾಲದಲ್ಲಿ. ಪೇಟೆಯ ಒಂದು ಬಟ್ಟೆ ಗಿರಣಿ ಚೆನ್ನಾಗಿ ಆಡುವವರನ್ನು ಹುಡುಕಿ ಹುಡುಕಿ ಕೆಲಸಕ್ಕೆ ತೆಗೆದುಕೊಳ್ಳುತ್ತಿತ್ತು. ಹೆಸರಿಗೆ ನೂಲಿನ ಖಾತೆಯಲ್ಲಿ ಕೆಲಸ, ಮಧ್ಯಾಹ್ನದ ಮೇಲೆ ಮೈದಾನ. ಆಟ ನಿಂತರೆ ಕೆಲಸವೂ ನಿಂತ ಹಾಗೆಯೇ. ಆದ್ದರಿಂದ ಅವರಿಗೆ ಪೆಟ್ಟಾದರೆ ನಮ್ಮ ಊರಿನವರಿಗೆ ಎತ್ತು ಕುಂಟಾದಷ್ಟು ಗಾಬರಿ. ಒಬ್ಬರ ಕೈ ಸರಿಹೋಯಿತೆಂದು ಇನ್ನೊಬ್ಬರು, ಅವರ ಮಾತು ಕೇಳಿ ಮತ್ತೊಬ್ಬರು, ಹೀಗೆ ಸೈಕಲ್ಲು ತುಳಿದುಕೊಂಡು ಬರುತ್ತಿದ್ದರು.

ಮುಂದೆ ನಿಂತು ಫಾರ್ವರ್ಡ್ ಆಡುವವರು ಹೆಚ್ಚಾಗಿ ನರಪೇತಲರು. ನಮ್ಮ ಜಗಲಿಯ ಅಂಚಿಗೆ ಕೂತರೆ ಪಾದ ನೆಲ ಮುಟ್ಟದವರೂ ಇದ್ದರು. ಅವರ ಮೊಣಕಾಲಿನ ಕೆಳಗಿನ ಮೂಳೆಯುದ್ದಕ್ಕೂ ಗಂಟು ಗಂಟು. ಗೋಲಿನಲ್ಲಿ ನಿಲ್ಲುವವನಿಗೆ ಕಾಲಿನ ಹೆಬ್ಬೆರಳೇ ಶತ್ರು, ಉಗುರು ಕಪ್ಪಾಗಿ ಒಂದೊಂದೇ ಉದುರಿರುತ್ತಿತ್ತು. ಹಿಂದುಗಡೆ ಗೋಲಿಗೆ ಅಡ್ಡ ನಿಲ್ಲುವ ಬ್ಯಾಕ್‌ಗಳು ಮಾತ್ರ ಆಳೆತ್ತರ, ಎದೆಯಗಲ. ಸಣ್ಣ ಮೈಯವನು ಪೆಟ್ಟು ಬರುವುದನ್ನು ಕಂಡು ಜಾರಿಕೊಳ್ಳುತ್ತಾನೆ, ತರಚು, ಉಳುಕಿನಲ್ಲಿ ಮುಗಿಯುತ್ತದೆ. ದೊಡ್ಡ ಮೈಯವನು ಜಾರಿಕೊಳ್ಳುವುದು ತನ್ನ ಮರ್ಯಾದೆಗೆ ಕಡಿಮೆ ಎಂದುಕೊಂಡು ಅಡ್ಡ ನಿಲ್ಲುತ್ತಾನೆ. ಬಿದ್ದರೆ ಅವನ ತೂಕವೇ ಅವನ ಮೂಳೆಯ ಮೇಲೆ ಬೀಳುತ್ತದೆ. ಇದೆಲ್ಲ ನನಗೆ ಯಾರೂ ಹೇಳಿಕೊಟ್ಟದ್ದಲ್ಲ. ಲೇಪದ ಬಟ್ಟಲು ಹಿಡಿದು ಅಪ್ಪನ ಪಕ್ಕದಲ್ಲಿ ನಿಂತು ನಿಂತು ತಿಳಿದುಕೊಂಡದ್ದು.

ಒಂದು ಬೆಳಿಗ್ಗೆ ಒಬ್ಬ ಬ್ಯಾಕ್ ಬಂದರು. ತಲೆ ಬಗ್ಗಿಸಿ, ಹೆಗಲು ಓರೆ ಮಾಡಿಯೇ ನಮ್ಮ ಬಾಗಿಲು ದಾಟಬೇಕಾದಂಥ ಆಳು. ಗಿರಣಿಯಲ್ಲಿ ಇಬ್ಬರು ಹೊರುವ ಮೂಟೆಯನ್ನು ಒಬ್ಬರೇ ಹೊರುತ್ತಾರೆಂದು ಜೊತೆಗೆ ಬಂದವರು ಹೇಳಿದರು. ಎದುರಾಳಿಯ ಕೋಲಿನ ಏಟಿಗೆ ಬಲಗೈಯ ನಡುಬೆರಳು, ಉಂಗುರದ ಬೆರಳು ಎರಡೂ ಮುರಿದು ಬದನೆಕಾಯಿಯ ಹಾಗೆ ಊದಿಕೊಂಡಿದ್ದವು. ಅಪ್ಪ ಎಳೆದು ಕೂರಿಸುವಾಗ ಅವರು ಹೂಂ ಎನ್ನಲಿಲ್ಲ, ಹಾಂ ಎನ್ನಲಿಲ್ಲ.

"ಗಂಡು ಅಂದ್ರೆ ಇವನು ಕಣೇ" ಎಂದು ಅಪ್ಪ ಅವ್ವನಿಗೆ ಕೇಳುವಂತೆ ಹೇಳಿದ. ಅಂದಿನಿಂದ ನಮ್ಮ ಮನೆಯಲ್ಲಿ ಅವರಿಗೆ ಬ್ಯಾಕ್ ಅಣ್ಣ ಎಂದೇ ಹೆಸರಾಯಿತು.

ಬೆರಳಿಗೆ ಇಪ್ಪತ್ತೊಂದು ದಿನದ ಕಟ್ಟು ಸಾಕು. ಆದರೆ ಅಷ್ಟು ದೊಡ್ಡ ಆಳು, ಅಷ್ಟು ದಪ್ಪ ಮೂಳೆ ಎಂದು ಅಪ್ಪ ಕಟ್ಟು ಬಿಚ್ಚಿ, ಮತ್ತೆ ಇಪ್ಪತ್ತೊಂದು ದಿನ ಕಟ್ಟಿದ. ಕೊನೆಗೆ ಬಿಚ್ಚಿದ ದಿನ ತನ್ನ ಪರೀಕ್ಷೆ ಮಾಡಿಸಿದ. ಜಗಲಿಯ ಕಲ್ಲುಚಪ್ಪಡಿಯ ಮೇಲೆ ಅಂಗೈ ಊರಬೇಕು, ಬೆರಳಿನ ಅಡಿಯಲ್ಲಿ ಬೆಳಕು ತೂರಬಾರದು. ತೂರಿದರೆ ಬೆರಳು ಡೊಂಕು, ಕಟ್ಟಿದವನ ಹೆಸರು ಕೆಟ್ಟಿತು. ರೈತರಿಗೆ, ಕೂಲಿಯವರಿಗೆ, ಎಲ್ಲರಿಗೂ ಇದೇ ಪರೀಕ್ಷೆ. ಬ್ಯಾಕ್ ಅಣ್ಣ ಅಂಗೈ ಊರಿದರು. ಅಪ್ಪ ಚಪ್ಪಡಿಗೆ ಕೆನ್ನೆ ತಾಗಿಸಿ ಇಣುಕಿದ. ಗೆರೆ ಎಳೆದ ಹಾಗಿದ್ದವು ಬೆರಳುಗಳು. ಎದ್ದು ನಿಂತಾಗ ಅಪ್ಪನ ಮುಖ ನೋಡಬೇಕಿತ್ತು.

ವಾರವಾಗಿರಲಿಲ್ಲ, ಅವರು ಮತ್ತೆ ಬಂದರು. ಈ ಸಲ ಕೈಯಲ್ಲಿ ಹಾಕಿ ಕೋಲಿತ್ತು. ಅಂಗಳದಲ್ಲಿ ನಿಂತು ಕೋಲು ಹಿಡಿದು ತೋರಿಸಿದರು. ಎರಡು ಬೆರಳುಗಳು ಬಗ್ಗಲೇ ಇಲ್ಲ. ಯಾರಿಗೋ ದಾರಿ ತೋರಿಸುತ್ತಿರುವ ಹಾಗೆ ಚಾಚಿಕೊಂಡೇ ಇದ್ದವು. ಅಂಗಳದಲ್ಲಿದ್ದ ಒಂದು ತೆಂಗಿನ ಕರಟಕ್ಕೆ ಬೀಸಿ ಹೊಡೆದರು. ಕೋಲು ಕೈಯಲ್ಲೇ ತಿರುಗಿಬಿಟ್ಟಿತು, ಕರಟ ಪಕ್ಕದ ಬೇಲಿಗೆ ಹೋಯಿತು.

"ಇನ್ನೊಂದು ತಿಂಗಳಿಗೆ ಟೀಮ್ ಆರಿಸ್ತಾರೆ ಗೌಡ್ರೇ" ಎಂದರು. "ನನ್ನ ಹೆಸರಿಲ್ಲ ಅಂದ್ರೆ ಗಿರಣಿ ಗೇಟಿಂದ ಆಚೆ. ನನ್ನ ತಗೊಂಡಿದ್ದೇ ಆಟಕ್ಕೆ. ಮನೇಲಿ ಹೆಂಡ್ತಿಗೆ ಇನ್ನೂ ಹೇಳಿಲ್ಲ."

ಅಪ್ಪನಿಗೆ ಸಿಟ್ಟು ಬಂತು. "ಕಟ್ಟು ಸರಿಯಾಗೈತೆ. ಊರು ಕೈಯ ಚಪ್ಪಡಿ ಮೇಲೆ. ಎಲ್ಲೈತೆ ಡೊಂಕು, ತೋರ್ಸು!"

ನನ್ನ ಬಾಯಿ ಸುಮ್ಮನಿರಲಿಲ್ಲ. ಅದು ಎಂದೂ ಸುಮ್ಮನಿದ್ದದ್ದಲ್ಲ. "ಡೊಂಕಿಲ್ದೆ ಇರೋದೇ ತಪ್ಪು ಕಣಪ್ಪಾ. ಇದು ಕೋಲು ಹಿಡಿಯೋ ಕೈ. ಕೋಲಿನ ಸುತ್ತ ಬಗ್ಗಿಸಿ ಕಟ್ಬೇಕಾಗಿತ್ತು. ಅದೂ ಇಪ್ಪತ್ತೊಂದೇ ದಿನ."

ಜಗಲಿಯ ಮೇಲಿದ್ದ ನಾಲ್ಕೈದು ಜನ ತಲೆ ತಗ್ಗಿಸಿದರು. ಅಪ್ಪ ನನ್ನನ್ನು ನೋಡಿದ, ಟವಲು ಕೊಡವಿ ಹೆಗಲಿಗೆ ಹಾಕಿಕೊಂಡು ಹೊಲಕ್ಕೆ ಹೊರಟುಹೋದ. ಅವತ್ತು ಊಟಕ್ಕೂ ಬರಲಿಲ್ಲ.

ಅಷ್ಟು ದೊಡ್ಡ ಗಂಡಸು ಅಂಗಳದಲ್ಲಿ ಕೋಲು ಹಿಡಿದು ಪೆಚ್ಚಾಗಿ ನಿಂತೇ ಇದ್ದರು. ಅವ್ವನ ಹತ್ತಿರ ಹೋಗಿ, ಎಣ್ಣೆ ತಿಕ್ಕಿ ನಾನೇ ಬಗ್ಗಿಸುತ್ತೇನೆ ಎಂದೆ. ಕೆಂಗೇರಿಯ ಕಡೆಯವರು ನನ್ನನ್ನು ನೋಡಲು ಬರುವ ಮಾತು ನಡೆಯುತ್ತಿದ್ದ ದಿನಗಳವು. ಮದುವೆಗೆ ಬಂದ ಹುಡುಗಿ ಪರಗಂಡಸಿನ ಕೈ ಹಿಡಿದು ಕೂರುವುದೆಂದರೆ ಊರ ಬಾಯಿ ಮುಚ್ಚುವವರು ಯಾರು?

"ಹಿತ್ಲಲ್ಲಿ ಒರಳಿನ ಹತ್ರ ಕೂತ್ಕೊಂಡು ಮಾಡು" ಎಂದಳು ಅವ್ವ. "ನನ್ನ ಕಣ್ಣೆದುರಿಗೆ ಇರಬೇಕು. ಆಡ್ಕೊಳ್ಳೋರ್ನ ನಾನು ವಿಚಾರಿಸ್ಕೋತೀನಿ."

ಮಾರನೆಯ ಬೆಳಿಗ್ಗೆಯಿಂದಲೇ ಶುರುವಾಯಿತು. ಅವರು ಗಿರಣಿಗೆ ಹೋಗುವ ಮೊದಲು ಬರುತ್ತಿದ್ದರು. ಹರಳೆಣ್ಣೆ ಬಿಸಿ ಮಾಡಿ ಬೆರಳಿನ ಗಿಣ್ಣುಗಳಿಗೆ ತಿಕ್ಕಿ, ಮೊದಲು ಒನಕೆ ಹಿಡಿಸಿದೆ. ಒನಕೆ ದಪ್ಪ, ಬೆರಳು ಸ್ವಲ್ಪ ಬಗ್ಗಿದರೂ ಸಾಕು. ಆ ಸ್ವಲ್ಪ ಬಗ್ಗಿಸುವುದಕ್ಕೇ, ಮುರಿದ ಮೂಳೆ ಕೂರಿಸುವಾಗ ಹೂಂ ಎನ್ನದಿದ್ದ ಮನುಷ್ಯ, "ಅಯ್ಯೋ ತಾಯಿ, ಬಿಡಮ್ಮಾ" ಎಂದು ಕಣ್ಣಲ್ಲಿ ನೀರು ಹಾಕಿಕೊಂಡರು.

"ಅಳಿ ಅಣ್ಣ, ಅತ್ಕೊಂಡೇ ಹಿಡೀರಿ. ಇಲ್ಲಿ ಯಾರೂ ನೋಡ್ತಿಲ್ಲ" ಎಂದೆ.

"ನೀನು ನೋಡ್ತಿದೀಯಲ್ಲಮ್ಮಾ!" ಎಂದು ಅಳುವಿನಲ್ಲೇ ನಕ್ಕರು.

ಮೂರು ದಿನವಾದರೂ ಏನೂ ಸುಧಾರಿಸಲಿಲ್ಲ. ನಾನು ಅವರ ಕೈಯನ್ನೇ ದಿಟ್ಟಿಸಿ ಕೂತೆ. ಆಗ ತಿಳಿಯಿತು. ಅವರ ತೋರುಬೆರಳು, ಕಿರುಬೆರಳು, ಮುಂಗೈ ಎಲ್ಲ ಎಷ್ಟು ಬಲವಾಗಿದ್ದವೆಂದರೆ, ಒನಕೆಯನ್ನು ಅವೇ ಹಿಡಿದುಬಿಡುತ್ತಿದ್ದವು. ಕೆಟ್ಟ ಬೆರಳುಗಳಿಗೆ ಕೆಲಸವೇ ಇರಲಿಲ್ಲ. ಕಡ್ಡಿಯಂಥ ಮೈಯವನಾಗಿದ್ದರೆ ಇಷ್ಟು ಹೊತ್ತಿಗೆ ಅರ್ಧ ಸರಿಹೋಗುತ್ತಿದ್ದನೋ ಏನೋ, ಇವರಿಗೆ ಬಲವೇ ಅಡ್ಡಿಯಾಗಿತ್ತು. ಸೀರೆಯ ಪಟ್ಟಿ ತಂದು, ದಬ್ಬೆಯಿಟ್ಟು, ಸರಿಯಾಗಿದ್ದ ತೋರುಬೆರಳನ್ನೂ ಕಿರುಬೆರಳನ್ನೂ ಅಲುಗಾಡದಂತೆ ಕಟ್ಟಿದೆ. ಈಗ ಹಿಡಿಯಬೇಕಾದರೆ ಆ ಎರಡು ಮೊಂಡ ಬೆರಳುಗಳೇ ಹಿಡಿಯಬೇಕು. ನಮ್ಮ ಮನೆತನದ ಹೆಣ್ಣೊಬ್ಬಳು ಕಟ್ಟಿದ ಮೊದಲ ಕಟ್ಟು ಅದು, ಅದೂ ನೆಟ್ಟಗಿದ್ದ ಬೆರಳುಗಳಿಗೆ! ಆ ದಿನದ ಹೆಮ್ಮೆ ಇವತ್ತಿಗೂ ನನ್ನಲ್ಲಿ ಹಾಗೇ ಇದೆ.

ಅಲ್ಲಿಂದ ಬೆರಳು ಮಾತು ಕೇಳತೊಡಗಿತು. ಒನಕೆ ಮುಗಿದ ಮೇಲೆ ಲಟ್ಟಣಿಗೆ ಕೊಟ್ಟೆ. ಅದು ತೀರ ಸಣ್ಣದಾಯಿತು, ಬೆರಳು ಸುತ್ತಲಿಲ್ಲ. ನಡುವಿನ ದಪ್ಪದ್ದು ಬೇಕಾಗಿತ್ತು, ಮನೆಯೆಲ್ಲ ಹುಡುಕಿದರೂ ಸಿಗಲಿಲ್ಲ. ಅಪ್ಪ ಈ ದಿನಗಳಲ್ಲಿ ನನ್ನ ಜೊತೆ ಮಾತು ಬಿಟ್ಟಿದ್ದ. ಬ್ಯಾಕ್ ಅಣ್ಣ ಬಂದರೆ ದನದ ಕೊಟ್ಟಿಗೆ ಕಡೆ ತಿರುಗಿಕೊಳ್ಳುತ್ತಿದ್ದ. ಮರುದಿನ ಬೆಳಿಗ್ಗೆ ಹಿತ್ತಿಲಿಗೆ ಹೋದರೆ ಒರಳಿಗೆ ಅಪ್ಪನ ಗುದ್ದಲಿ ಒರಗಿತ್ತು. ಅದರ ಮರದ ಕಾವನ್ನು ಹೊಸದಾಗಿ ಹೆರೆದು ನುಣುಪು ಮಾಡಿತ್ತು. ಹಿಡಿದು ನೋಡಿದೆ, ಒನಕೆಗಿಂತ ಸಣ್ಣ, ಲಟ್ಟಣಿಗೆಗಿಂತ ದಪ್ಪ. ಅವ್ವನನ್ನು ಕೇಳಿದರೆ, "ನಂಗೇನ್ ಗೊತ್ತು, ಮರೆತು ಬಿಟ್ಟು ಹೋಗಿರ್ಬೇಕು" ಎಂದಳು. ಅಪ್ಪ ಗುದ್ದಲಿ ಮರೆತು ಹೊಲಕ್ಕೆ ಹೋಗುವ ಆಳಾಗಿರಲಿಲ್ಲ. ನನಗೆ ಅಳು ಬಂತು, ಅದನ್ನೇಕೆ ಮುಚ್ಚಿಡಲಿ.

ಗುದ್ದಲಿಯ ಕಾವು, ಆಮೇಲೆ ಲಟ್ಟಣಿಗೆ, ಕೊನೆಗೆ ಕೋಲು. ತಿಂಗಳು ತುಂಬಲು ಎರಡು ದಿನ ಇದ್ದಾಗ ಬ್ಯಾಕ್ ಅಣ್ಣನ ನಾಲ್ಕು ಬೆರಳೂ ಕೋಲಿನ ಸುತ್ತ ಕೂತವು. ಆದರೆ ಹಿಡಿಯುವುದು ಬೇರೆ, ಬೀಸಿ ಹೊಡೆದಾಗ ಹಿಡಿತ ಉಳಿಯುವುದು ಬೇರೆ. ಅದು ಮೈದಾನದಲ್ಲೇ ಗೊತ್ತಾಗಬೇಕಿತ್ತು.

ಟೀಮ್ ಆರಿಸುವ ಪಂದ್ಯ ರಾಜಾಜಿನಗರದಲ್ಲಿ, ಇನ್ನೂ ಮನೆಯೇಳದ ಒಂದು ಬಯಲಿನಲ್ಲಿ. ಆ ದಿನ ಬೆಳಿಗ್ಗೆ ಅಪ್ಪ ಒಗೆದ ಪಂಚೆ ಉಟ್ಟು ಬಾಗಿಲಲ್ಲಿ ನಿಂತ. ತಿಂಗಳ ನಂತರ ನನ್ನೊಡನೆ ಆಡಿದ ಮೊದಲ ಮಾತು: "ಹೊರಡು. ಕೈ ಹೆಂಗೈತೆ ನೋಡ್ಕೊಂಡ್ ಬರೋಣ."

ಮಾಗಡಿ ರಸ್ತೆಯುದ್ದಕ್ಕೂ ಇಬ್ಬರೂ ನಡೆದೇ ಹೋದೆವು. ಮೈದಾನದಲ್ಲಿದ್ದ ಹೆಂಗಸು ನಾನೊಬ್ಬಳೇ. ಜನ ತಿರುಗಿ ತಿರುಗಿ ನೋಡಿದರು. ನೋಡಿದರೆ ನನ್ನ ಗಂಟೇನು ಹೋಗುತ್ತದೆ? ನಾನು ಜಗಲಿಯ ಮೇಲೆ ಕಂಡಿದ್ದ ಮೈಗಳೆಲ್ಲ ನಾನಂದುಕೊಂಡ ಜಾಗದಲ್ಲೇ ನಿಂತಿದ್ದವು, ಸಣ್ಣವರು ಮುಂದೆ, ದೊಡ್ಡವರು ಹಿಂದೆ. ಆಟ ಶುರುವಾಯಿತು. ಮೊದಲ ಸಲ ಚೆಂಡು ಬ್ಯಾಕ್ ಅಣ್ಣನ ಕಡೆ ಬಂದಾಗ ಅವರು ಮೆಲ್ಲಗೆ ತಳ್ಳಿಬಿಟ್ಟರು. ಎರಡನೆಯ ಸಲವೂ ಅಷ್ಟೇ. ಪಕ್ಕದಲ್ಲಿದ್ದ ಯಾರೋ "ಇವನ ಕಥೆ ಮುಗೀತು ಗುರು" ಎಂದರು. ಪೆಟ್ಟು ತಿಂದ ಬೆರಳಿಗಿಂತ ಪೆಟ್ಟು ತಿಂದ ಧೈರ್ಯ ಮೊಂಡು, ಅದಕ್ಕೆ ಹಚ್ಚಲು ನನ್ನ ಹತ್ತಿರ ಎಣ್ಣೆ ಇರಲಿಲ್ಲ.

ಮೂರನೆಯ ಸಲ ಎದುರಿನ ಫಾರ್ವರ್ಡ್ ಒಬ್ಬ ನೇರ ನುಗ್ಗಿ ಬಂದ. ಬ್ಯಾಕ್ ಅಣ್ಣ ಅಡ್ಡ ನಿಂತರು, ಚೆಂಡು ಕಿತ್ತುಕೊಂಡರು, ಎರಡು ಹೆಜ್ಜೆ ಹಾಕಿ ಬೀಸಿ ಹೊಡೆದರು. ಕೋಲು ತಿರುಗಲಿಲ್ಲ. ಚೆಂಡು ಬಯಲಿನ ಆ ತುದಿಯವರೆಗೆ ಗೆರೆ ಹಿಡಿದು ಹೋಯಿತು. ಎಲ್ಲರೂ ಚೆಂಡು ನೋಡಿದರು. ಅಪ್ಪನೂ ನಾನೂ ಕೈ ನೋಡಿದೆವು. ಬೆರಳುಗಳು ಕೋಲು ಬಿಟ್ಟಿರಲಿಲ್ಲ.

ಪಂದ್ಯ ಮುಗಿದ ಮೇಲೆ ಅಲ್ಲೇ ಹೆಸರುಗಳನ್ನು ಕೂಗಿದರು. ಬ್ಯಾಕ್‌ಗಳಲ್ಲಿ ಅವರದೇ ಮೊದಲ ಹೆಸರು. ಅವರು ಬೆವರು ಸುರಿಸುತ್ತಾ ನಮ್ಮ ಕಡೆ ಓಡಿಬಂದರು, ಹಿಂದೆ ಇಡೀ ಟೀಮು ಬಂತು. ಕ್ಯಾಪ್ಟನ್ ಅಪ್ಪನಿಗೆ ಎರಡೂ ಕೈ ಮುಗಿದು, "ಏನ್ ಕೈ ಗೌಡ್ರೇ ನಿಮ್ದು! ನಮ್ಮ ಬ್ಯಾಕ್‌ನ ಉಳಿಸಿಕೊಟ್ರಿ" ಎಂದರು.

ಅಪ್ಪ ಸುಮ್ಮನೆ ನಕ್ಕುಬಿಟ್ಟಿದ್ದರೆ ಯಾರೂ ಏನೂ ಕೇಳುತ್ತಿರಲಿಲ್ಲ. ನಾನೂ ಬಾಯಿ ಬಿಡುತ್ತಿರಲಿಲ್ಲ. ಅಪ್ಪ ಹೆಗಲಿನ ಟವಲು ತೆಗೆದು ಕೈಯಲ್ಲಿ ಹಿಡಿದುಕೊಂಡ.

"ನಾನು ಕೆಡ್ಸಿದ್ದೆ ಸ್ವಾಮಿ" ಎಂದ. "ನೆಟ್ಟಗೆ ಕಟ್ಟಿ ಕೆಡ್ಸಿದ್ದೆ. ಸರಿ ಮಾಡಿದ್ದು ನನ್ ಮಗಳು."

ಸುತ್ತ ನಿಂತವರ ಕಣ್ಣುಗಳೆಲ್ಲ ನನ್ನ ಮೇಲೆ. ಕೆಂಗೇರಿಯವರಿಗೆ ಈ ಸುದ್ದಿ ಮುಟ್ಟಿತು, ಅವರು ಬರಲೇ ಇಲ್ಲ. ಅಷ್ಟಕ್ಕೇ ಹಿಂಜರಿಯುವವರ ಮನೆಯಲ್ಲಿ ನಾನು ಬಾಳುತ್ತಿದ್ದೆನೇ? ಆದರೆ ಅದು ಆಮೇಲಿನ ಮಾತು. ಆ ಹೊತ್ತಿನಲ್ಲಿ ಗುಂಪಿನಲ್ಲಿದ್ದ ಒಬ್ಬ ಪುಟ್ಟ ಫಾರ್ವರ್ಡ್, ಅಂದಿನ ಆಟದಲ್ಲಿ ಬೆರಳಿಗೆ ಏಟು ತಿಂದವನು, ಊದಿದ ಕೈಯನ್ನು ಅಪ್ಪನ ಮುಂದೆ ಚಾಚಿ ನಿಂತಿದ್ದ. ಅಪ್ಪನ ಮಾತು ಕೇಳಿ ಒಂದು ಗಳಿಗೆ ತಡೆದ. ಆಮೇಲೆ ಆ ಕೈಯನ್ನು ನನ್ನ ಕಡೆ ತಿರುಗಿಸಿದ.

ಅಷ್ಟು ಜನರ ನಡುವೆ, ಅಪ್ಪನ ಎದುರಿಗೆ, ನಾನು ಆ ಕೈ ಹಿಡಿದುಕೊಂಡೆ. "ನಾಳೆ ಬೆಳಿಗ್ಗೆ ಮನೆಗೆ ಬನ್ನಿ" ಎಂದೆ. "ಬರುವಾಗ ನಿಮ್ಮ ಕೋಲು ತನ್ನಿ."