ದೊರೆಸಾನಿ ಬಾಗಿಸಿದ ತಲೆ

ನೀಲಗಿರಿಯ ಕೆತ್ತಿಯಲ್ಲಿದ್ದ ಮಿಷನ್ನಿನ ಜರ್ಮನ್ ದೊರೆಸಾನಿ ನಮ್ಮ ಬಡಗರ ಹಟ್ಟಿಗೆ ಔಷಧ ತರುತ್ತಿದ್ದರು. ಬಂದವರು ಬಾಗಿಲಲ್ಲೇ ನಮ್ಮ ಹೆತ್ತೆಗೆ, ಅಂದರೆ ಅಜ್ಜಿಗೆ, ನಮ್ಮ ಮಕ್ಕಳಂತೆ ತಲೆ ಬಾಗಿಸುತ್ತಿದ್ದರು. ಹೆತ್ತೆ ನೆತ್ತಿ ಮುಟ್ಟಿ ಹರಸಿದ ಮೇಲೆಯೇ ಯೇಸುವಿನ ಮಾತು. ಹೆತ್ತೆ ಆ ಮಾತನ್ನು ಎಂದೂ ಒಪ್ಪಲಿಲ್ಲ, ಹರಸುವುದನ್ನೂ ಬಿಡಲಿಲ್ಲ. ಹೊರಡುವಾಗ ಮರಳಿ ಬರುತ್ತೇನೆಂದು ನಮ್ಮ ಬಡಗ ಮಾತಿನಲ್ಲೇ ಹೇಳುತ್ತಿದ್ದರು: “ನಾ ತಿರುಗಿ ಬನ್ನೆ.”

ಯುದ್ಧ ಬಂತು, ಬ್ರಿಟಿಷ್ ಸರ್ಕಾರ ಜರ್ಮನರನ್ನೆಲ್ಲ ಹಡಗು ಹತ್ತಿಸಿತು. ಆಗಲೂ ಅದನ್ನೇ ಹೇಳಿ ಹೋದರು. ಅನುಮತಿ ಸಿಕ್ಕಿ ಮರಳುವ ಹೊತ್ತಿಗೆ ನನಗೇ ಮಕ್ಕಳಿದ್ದವು. ಕೂದಲು ನರೆತಿದ್ದ ದೊರೆಸಾನಿ ನೇರ ನಮ್ಮ ಬಾಗಿಲಿಗೆ ಬಂದು ತಲೆ ಬಾಗಿಸಿ ನಿಂತರು.

“ಹೆತ್ತೆ ಇಲ್ಲೆ, ಅಮ್ಮಾ,” ಎಂದಳು ನನ್ನ ತಾಯಿ. ಹೆತ್ತೆ ತೀರಿಕೊಂಡು ವರ್ಷಗಳಾಗಿದ್ದವು.

ಅವರು ತಲೆ ಎತ್ತಲಿಲ್ಲ. ಹರಸುವ ಕೈ ಹಿರಿಯರದೇ ಆಗಬೇಕು. ಹಟ್ಟಿಯಲ್ಲಿ ಅವರಿಗಿಂತ ಹಿರಿಯರು ಯಾರೂ ಉಳಿದಿರಲಿಲ್ಲ.